ಆಲೆಮನೆಗೆ ತಕ್ಕ ಉಡುಪು

ಮಂಡ್ಯದಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ ಪಯಣಿಸುವವರಿಗೆ ಕಬ್ಬಿನ ಗದ್ದೆಗಳ ನಡುವೆ ಆಲೆಮನೆಯ ಹೊಗೆ ಕಾಣುವುದೂ ಬೇಯುವ ಪಾಕದ ಕಂಪು ತೇಲಿಬರುವುದೂ ಹೊಸದೇನಲ್ಲ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದುಬಂದ ಮೇಲೆ ಈ ಸೀಮೆ ಕಬ್ಬಿಗೆ ಹೆಸರಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಯಿತು. ದೊಡ್ಡ ಕಾರ್ಖಾನೆಯ ಮೇಲೆ ಕಾಯಿದೆಯ ಕಣ್ಣಿರುತ್ತದೆ. ಕೆಲವೇ ಮಂದಿ ದುಡಿಯುವ ಆಲೆಮನೆಯಲ್ಲಾದರೋ ಪ್ರತಿಯೊಬ್ಬನೂ ತನ್ನ ಮೈಯನ್ನು ಬಹುಮಟ್ಟಿಗೆ ತಾನೇ ಕಾಯ್ದುಕೊಳ್ಳಬೇಕು. ರಜೆಯಲ್ಲಿ ಮನೆಯವರಿಗೆ ನೆರವಾಗಲೆಂದು ಅಲ್ಲಿಗೆ ಹೋಗುವ ವಿದ್ಯಾರ್ಥಿಗಳೂ ಉಂಟು. "ದಪ್ಪನೆಯ ಕೈಗವಸು ತೊಟ್ಟರೆ ಸಾಲದೆ?" ಎಂದು ಅವರು ಕೇಳಬಹುದು. ಸಾಲದು, ಒಂದೆಡೆ ಕಾಯುವ ಕೈಗವಸು ಇನ್ನೊಂದೆಡೆ ಕೈಯನ್ನೇ ಕಳೆಯಬಹುದು. ಅದು ಹೇಗೆಂಬುದನ್ನು ಭೌತಶಾಸ್ತ್ರದ ನೆರವಿನಿಂದ ನೋಡೋಣ.

ಮೊದಲು ಕೊಪ್ಪರಿಗೆಯ ಬಳಿ ನಿಲ್ಲೋಣ. ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಕರಗಿದ ಸಕ್ಕರೆಯು ನೀರಿನ ಆವಿಯ ಒತ್ತಡವನ್ನು ಕುಗ್ಗಿಸುವುದರಿಂದ ಕಬ್ಬಿನ ರಸ ಗಟ್ಟಿಯಾದಂತೆಲ್ಲ ಅದರ ಕುದಿಬಿಂದು ಏರುತ್ತದೆ. ಬೆಲ್ಲದ ಹದಕ್ಕೆ ಬಂದ ಪಾಕದ ಉಷ್ಣತೆ ಸುಮಾರು 118 ಡಿಗ್ರಿ. ಮೈಮೇಲೆ ಬಿದ್ದ ಬಿಸಿನೀರು ಬಹುಪಾಲು ಹರಿದುಹೋಗುತ್ತದೆ. ಪಾಕ ಹಾಗಲ್ಲ, ಅಂಟಿಕೊಂಡು ತನ್ನ ಶಾಖವನ್ನೆಲ್ಲ ಚರ್ಮಕ್ಕೇ ಒಪ್ಪಿಸುತ್ತದೆ. ಆದುದರಿಂದ ಇಲ್ಲಿ ಬೇಕಾದುದು ಪಾಕವನ್ನು ಹೀರದ ಹೊದಿಕೆ: ಹತ್ತಿಯ ಉಡುಪಿನ ಮೇಲೆ ಚರ್ಮದ ಇಲ್ಲವೆ ಶಾಖವನ್ನು ತಾಳುವ ರಬ್ಬರು ಲೇಪಿಸಿದ ಮುಂಗವಚ, ಮೊಣಕೈವರೆಗಿನ ಕೈಗವಸು, ಕಾಲಿಗೆ ಬೂಟು. ಷರಾಯಿಯ ಅಂಚು ಬೂಟಿನ ಹೊರಗಿರಲಿ. ಒಳಗೆ ಸೇರಿಸಿದರೆ ಚೆಲ್ಲಿದ ಪಾಕ ಬೂಟಿನೊಳಕ್ಕೇ ಇಳಿಯುತ್ತದೆ.

ಬಿಸಿ ಪಾತ್ರೆಯನ್ನು ಒದ್ದೆ ಬಟ್ಟೆಯಿಂದ ಹಿಡಿಯುವ ರೂಢಿ ಹಲವೆಡೆ ಇದೆ. ಇದು ತಪ್ಪು. ಒಣ ಬಟ್ಟೆ ನಮ್ಮನ್ನು ಕಾಯುವುದು ಅದರ ಎಳೆಗಳ ನಡುವೆ ಸೆರೆಸಿಕ್ಕ ಗಾಳಿಯಿಂದ. ಬಟ್ಟೆ ನೆನೆದರೆ ಆ ಗಾಳಿಯ ಜಾಗದಲ್ಲಿ ನೀರು ತುಂಬುತ್ತದೆ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು.

ಇನ್ನು ಒಲೆಯ ಬಾಯಿ. ಕಬ್ಬಿನ ಸಿಪ್ಪೆಯನ್ನು ಉರಿಗೆ ನೂಕುವವನು ಪಾಲಿಯೆಸ್ಟರ್ ಅಂಗಿಯನ್ನು ತೊಡಲಾಗದು. ಆ ನೂಲು ಸುಮಾರು 260 ಡಿಗ್ರಿಯಲ್ಲಿ ಕರಗಿ ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಹತ್ತಿಯೂ ಉರಿಯುವುದು ನಿಜ, ಆದರೆ ಕರಗುವುದಿಲ್ಲ. ಒತ್ತಾಗಿ ನೇಯ್ದ ದಪ್ಪ ಹತ್ತಿಬಟ್ಟೆಯೇ ಇಲ್ಲಿ ಲೇಸು.

ಈಗ ಗಾಣದ ಬಳಿಗೆ ಬರೋಣ. ಇಲ್ಲಿ ನಿಯಮ ತಿರುಗುಮುರುಗು: ಕೈಗವಸು ಬೇಡ, ಹೆಗಲ ಮೇಲೆ ಟವೆಲು ಬೇಡ, ಜೋಲುವ ಪಂಚೆಯೂ ಸೆರಗೂ ಬೇಡ. ಉರುಳೆಗಳ ಮೇಲ್ಮೈ ಸೆಕೆಂಡಿಗೆ 20 ಸೆಂಟಿಮೀಟರ್ ಚಲಿಸುವುದೆಂದು ಭಾವಿಸೋಣ. ಅಪಾಯವನ್ನು ಕಂಡು ಕೈ ಹಿಂದೆಗೆಯಲು ನಮಗೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಕೈಗವಸಿನ ತುದಿಯೊಡನೆ ಬೆರಳೂ 5 ಸೆಂಟಿಮೀಟರ್ ಒಳಹೋಗಿರುತ್ತದೆ. ತಿರುಗುವ ದಂಡಕ್ಕೆ ಬಟ್ಟೆ ಸುತ್ತಿಕೊಂಡರಂತೂ ಘರ್ಷಣೆ ಪ್ರತಿ ಸುತ್ತಿಗೂ ಗುಣಾಕಾರವಾಗಿ ಬೆಳೆಯುತ್ತದೆ. ಘರ್ಷಣಾಂಕ 0.3 ಎಂದು ಹಿಡಿದರೆ ಹಿಡಿತ ಒಂದು ಸುತ್ತಿಗೆ ಸುಮಾರು ಆರೂವರೆ ಪಟ್ಟು, ಎರಡಕ್ಕೆ 43 ಪಟ್ಟು, ಮೂರಕ್ಕೆ 285 ಪಟ್ಟು! ಯಾವ ಜಟ್ಟಿಯೂ ಎಳೆದು ಬಿಡಿಸಿಕೊಳ್ಳಲಾರ. 1948ರ ಕಾರ್ಖಾನೆಗಳ ಕಾಯಿದೆಯು ಚಲಿಸುವ ಯಂತ್ರವನ್ನು ಪರೀಕ್ಷಿಸುವ ಕೆಲಸಗಾರ ಮೈಗೊಪ್ಪುವ ಬಿಗಿಯುಡುಪು ಧರಿಸಬೇಕೆಂದು ವಿಧಿಸಿದ್ದುದು ಇದೇ ಕಾರಣದಿಂದ.

ಗಾಣವನ್ನು ತಿರುಗಿಸುವ ಮೋಟಾರಿನ ಮಾತೂ ಉಂಟು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಹಾಗೆಂದು ಅದರೊಡನೆ ಸಲಿಗೆ ಸಲ್ಲದು. ಒದ್ದೆಯಾದ ದೇಹದ ರೋಧ ಸುಮಾರು 1000 ಓಂಗಳಿಗೆ ಇಳಿಯಬಹುದು. ಆಗ 230 ವೋಲ್ಟಿನ ತಂತಿ ಮುಟ್ಟಿದರೆ ಹರಿಯುವ ಪ್ರವಾಹ 0.23 ಆಂಪಿಯರ್, ಹೃದಯವನ್ನು ಕೆಡಿಸಲು 0.1 ಆಂಪಿಯರ್ ಸಾಕು. ರಸ ಚೆಲ್ಲಿದ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಸ್ವಿಚ್ಚು ಮುಟ್ಟಬಾರದು. ವಿದ್ಯುತ್ ಕೆಲಸದವರಿಗೆ ಬೇಕಾದುದು ವೋಲ್ಟೇಜಿಗೆ ತಕ್ಕಂತೆ ಪರೀಕ್ಷಿಸಿದ ರಬ್ಬರು ಕೈಗವಸು, ಐ.ಎಸ್. 4770 ಎಂಬ ಭಾರತೀಯ ಮಾನಕ ಅದಕ್ಕಾಗಿಯೇ ಇದೆ. ಸೂಜಿಮೊನೆಯಷ್ಟು ತೂತಿದ್ದರೂ ಅದು ವ್ಯರ್ಥ.

ಹೀಗೆ ಉಡುಪಿನ ಆಯ್ಕೆ ಅಂಗಡಿಯಲ್ಲಲ್ಲ, ಅಪಾಯವನ್ನು ಅರಿಯುವುದರಲ್ಲಿ ಮೊದಲಾಗುತ್ತದೆ. ಉಡುಪು ಕೊನೆಯ ಕೋಟೆ ಮಾತ್ರ. ಗಾಣಕ್ಕೆ ಬೇಲಿ, ಕಬ್ಬು ಕೊಡಲು ಕೈಗೆಟುಕದಷ್ಟು ಉದ್ದನೆಯ ದೋಣಿ, ಮೋಟಾರಿಗೆ ಭೂಸಂಪರ್ಕ ಇವು ಅದಕ್ಕಿಂತ ಮುಂದಿನವು. ಇಷ್ಟಾಗಿಯೂ ಪಾಕ ಸಿಡಿದರೆ ತುಪ್ಪ, ಶಾಯಿ ಮೆತ್ತದೆ, ಒಡನೆಯೇ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು ವೈದ್ಯರಲ್ಲಿಗೆ ಹೋಗಬೇಕು. ಮುಂದಿನ ಸಲ ಆಲೆಮನೆಗೆ ಹೋದಾಗ ವಾಚಕರು ಬಿಸಿ ಬೆಲ್ಲವನ್ನು ಸವಿಯುವ ಮುನ್ನ ಗಾಣದ ಬಳಿ ನಿಂತವನ ಹೆಗಲನ್ನೊಮ್ಮೆ ನೋಡಲಿ. ಅಲ್ಲಿ ಟವೆಲು ಜೋಲುತ್ತಿದ್ದರೆ ಅದನ್ನು ತೆಗೆದಿಡುವಂತೆ ಹೇಳಲು ಸಂಕೋಚ ಬೇಡ.