ಕೊಂಡಿಯನ್ನು ತೆರೆಯುವ ಹಕ್ಕು ಯಾರದು?

ಜಾಲಪುಟವೊಂದನ್ನು ಓದುತ್ತ ನಾವು ಒಂದು ಕೊಂಡಿಯನ್ನು ಒತ್ತುತ್ತೇವೆ. ಕೆಲವು ವೇಳೆ ಹೊಸ ಪುಟವು ಹಳೆಯದರ ಸ್ಥಾನದಲ್ಲಿಯೇ ಮೂಡುತ್ತದೆ. ಕೆಲವು ವೇಳೆ ನಮ್ಮನ್ನು ಕೇಳದೆಯೇ ಬೇರೊಂದು ಟ್ಯಾಬಿನಲ್ಲಿ ತೆರೆದುಕೊಳ್ಳುತ್ತದೆ. ಇದನ್ನು ನಿರ್ಧರಿಸತಕ್ಕವರು ಯಾರು? ಪುಟವನ್ನು ಬರೆದವರೋ, ಓದುವವರೋ?

ಟಿಮ್ ಬರ್ನರ್ಸ್-ಲೀಯವರು 1990ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಮೊತ್ತಮೊದಲ ಬ್ರೌಸರನ್ನು ರಚಿಸಿದರು. ಆಗ ಕೊಂಡಿಯು ಹೋಗಬೇಕಾದ ವಿಳಾಸವನ್ನು ಮಾತ್ರ ಪುಟವು ತಿಳಿಸುತ್ತಿತ್ತು. ಅದನ್ನು ತೆರೆದು ತೋರಿಸುವ ಬಗೆ ಬ್ರೌಸರಿಗೆ ಸೇರಿದ್ದಾಗಿತ್ತು. 1996ರಲ್ಲಿ ಹೊರಬಂದ ನೆಟ್‌ಸ್ಕೇಪ್ ನ್ಯಾವಿಗೇಟರಿನ ಎರಡನೆಯ ಆವೃತ್ತಿಯು ಪರದೆಯನ್ನು ಹಲವು ಚೌಕಟ್ಟುಗಳಾಗಿ ವಿಭಾಗಿಸುವ ಏರ್ಪಾಡನ್ನು ತಂದಿತು. ಯಾವ ಚೌಕಟ್ಟಿನಲ್ಲಿ ಪುಟವು ತೆರೆಯಬೇಕೆಂದು ಹೇಳಲು 'ಟಾರ್ಗೆಟ್' ಎಂಬ ಸೂಚನೆಯೂ ಅದರೊಡನೆ ಬಂದಿತು. ಚೌಕಟ್ಟುಗಳ ಕಾಲವು ಮುಗಿಯಿತು. ಆದರೆ ಹೊಸ ಕಿಟಕಿಯನ್ನು ತೆರೆಯಿಸುವ ಸಾಧನವಾಗಿ ಆ ಸೂಚನೆಯು ಉಳಿದುಕೊಂಡಿತು.

ಇದರಿಂದ ತೊಂದರೆಯೇನು? ಹೊಸ ಟ್ಯಾಬಿಗೆ ಹಿಂದಿನ ಪುಟಗಳ ಚರಿತ್ರೆಯಿರುವುದಿಲ್ಲ. ಆದುದರಿಂದ ಗಣಕಯಂತ್ರದ ಹಲವು ಬ್ರೌಸರುಗಳಲ್ಲಿ 'ಹಿಂದಕ್ಕೆ' ಎಂಬ ಗುಂಡಿಯು ಅಲ್ಲಿ ನಿರುಪಯುಕ್ತವಾಗುತ್ತದೆ. ಪರದೆಯ ಬರಹವನ್ನು ಧ್ವನಿಯಾಗಿ ಕೇಳುವ ಅಂಧರಿಗೆ, ತಾವು ಬೇರೆ ಟ್ಯಾಬಿಗೆ ಬಂದಿರುವುದೇ ತಿಳಿಯದೆ ಹೋಗಬಹುದು.

ಅಪಾಯವೂ ಇದ್ದಿತು. ಹೀಗೆ ತೆರೆದ ಹೊಸ ಪುಟವು ತನ್ನನ್ನು ತೆರೆದ ಹಳೆಯ ಟ್ಯಾಬನ್ನು ಬೇರೆ ವಿಳಾಸಕ್ಕೆ ಕಳುಹಿಸಬಲ್ಲುದಾಗಿತ್ತು. ಓದುಗನು ಮರಳಿ ಬಂದಾಗ ಅಲ್ಲಿ ಗುಪ್ತಪದವನ್ನು ಕೇಳುವ ನಕಲಿ ಪುಟವಿದ್ದರೆ, ಮೋಸಹೋಗುವುದು ಸುಲಭ. 2019ರಿಂದ 2021ರೊಳಗೆ ಸಫಾರಿ, ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರುಗಳು ಈ ದಾರಿಯನ್ನು ತಾವಾಗಿಯೇ ಮುಚ್ಚಿದವು.

ಹೊಸ ಟ್ಯಾಬು ಬೇಕಾಗುವ ಸಂದರ್ಭಗಳೂ ಉಂಟು. ಅರ್ಧ ತುಂಬಿದ ಅರ್ಜಿಯ ನಡುವೆ ನಿಯಮಗಳನ್ನು ನೋಡಹೊರಟರೆ, ಬರೆದದ್ದೆಲ್ಲ ಅಳಿಸಿಹೋಗಬಹುದು. ಅಂಥ ಕಡೆ ಮುನ್ಸೂಚನೆಯನ್ನು ಕೊಟ್ಟು ಹೊಸ ಟ್ಯಾಬನ್ನು ತೆರೆಯುವುದು ಉಚಿತವೇ.

ಉಳಿದಂತೆ ಒಂದು ಅಂಶವನ್ನು ಗಮನಿಸೋಣ. ಸಾಮಾನ್ಯ ಕೊಂಡಿಯನ್ನು ಸುಮ್ಮನೆ ಒತ್ತಿದರೆ ಅದೇ ಟ್ಯಾಬಿನಲ್ಲಿ ತೆರೆಯುತ್ತದೆ; ಕಂಟ್ರೋಲ್ ಕೀಲಿಯನ್ನು ಹಿಡಿದು ಒತ್ತಿದರೆ ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ. ಎರಡು ದಾರಿಗಳೂ ಓದುಗನ ಕೈಯಲ್ಲಿವೆ. ಹೊಸ ಟ್ಯಾಬಿಗೆಂದೇ ಕಟ್ಟಿಹಾಕಿದ ಕೊಂಡಿಯನ್ನಾದರೋ ಅದೇ ಟ್ಯಾಬಿನಲ್ಲಿ ತೆರೆಯಲು ಅಷ್ಟು ಸುಲಭವಾದ ಕೀಲಿಯಿಲ್ಲ. ಒಂದು ಏರ್ಪಾಡು ಆಯ್ಕೆಯನ್ನು ಉಳಿಸುತ್ತದೆ, ಇನ್ನೊಂದು ಕಸಿದುಕೊಳ್ಳುತ್ತದೆ. ಮುಂದೆ ಜಾಲತಾಣಗಳನ್ನು ರಚಿಸಲಿರುವ ವಿದ್ಯಾರ್ಥಿಗಳು ಈ ಭೇದವನ್ನು ನೆನಪಿನಲ್ಲಿಡುವುದು ಒಳ್ಳೆಯದು.