ಕಾಫಿ ಡೇ ಎಡವಿದ್ದು ಕಾಫಿಯಲ್ಲಲ್ಲ!

ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆ ಯಾರಾದರೂ ಕೆಫೆ ತೆಗೀಬೇಕು ಅಂತಿದ್ದರೆ ಈ ಸಂಚಿಕೆ ನಿಮಗಾಗಿ. ಪೈಪೋಟಿಯಲ್ಲಿ ಒಂದು ಕಂಪನಿ ಎಲ್ಲಿ ನಿಂತಿದೆ ಅಂತ ಅಳೆಯೋದು ಹೇಗೆ? ನಮ್ಮದೇ ರಾಜ್ಯದ ಕೆಫೆ ಕಾಫಿ ಡೇ ನೋಡೋಣ.

ಮೊದಲು ಬಲ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಶುರುವಾದ ಈ ಸರಣಿಯ ಹಿಂದೆ ವಿ.ಜಿ. ಸಿದ್ಧಾರ್ಥ ಅವರ ಚಿಕ್ಕಮಗಳೂರಿನ ತೋಟಗಳಿದ್ದವು. ಬೆಳೆಯೋದು, ಹುರಿಯೋದು, ಕಪ್‌ನಲ್ಲಿ ಕೊಡೋದು ಎಲ್ಲ ಒಂದೇ ಸಮೂಹ. ತಿಕೋಟಾದ ದ್ರಾಕ್ಷಿ ಬೆಳೆಗಾರ ತಾನೇ ಒಣದ್ರಾಕ್ಷಿ ಮಾಡಿ, ತಾನೇ ಅಂಗಡಿ ಇಟ್ಟಂಗೆ.

ಎರಡನೇದು ಎದುರಾಳಿ. 2012ರಲ್ಲಿ ಟಾಟಾ ಜತೆ ಸ್ಟಾರ್‌ಬಕ್ಸ್ ಭಾರತಕ್ಕೆ ಬಂತು. ಆದರೆ ನಮ್ಮ ಕಡೆ ಕೆಫೆಗೆ ನಿಜವಾದ ಎದುರಾಳಿ ಚಾದಂಗಡಿ. ಅದೇ ಹರಟೆ, ಕಡಿಮೆ ರೊಕ್ಕ. ವ್ಯವಹಾರದ ಭಾಷೆಯಲ್ಲಿ ಇದಕ್ಕೆ 'ಬದಲಿ ಸರಕು' ಅಂತಾರೆ.

ಮೂರನೇದು ಸಾಲ. ಸಮೂಹ ಟೆಕ್ ಪಾರ್ಕ್, ಸರಕು ಸಾಗಣೆಗೂ ಕೈ ಹಾಕಿತ್ತು. 2019ರ ಮಾರ್ಚ್‌ಗೆ ಸಾಲ 7,000 ಕೋಟಿ ರೂಪಾಯಿ ದಾಟಿತ್ತು. ಅದೇ ಜುಲೈನಲ್ಲಿ ಸಿದ್ಧಾರ್ಥ ತೀರಿಕೊಂಡರು. ಮುಂದೆ ಆಸ್ತಿ ಮಾರಿ ಸಾಲ ಇಳಿಸಿದರು. ಆದರೆ 1,700ಕ್ಕೂ ಹೆಚ್ಚಿದ್ದ ಕೆಫೆಗಳು 2024ರ ಹೊತ್ತಿಗೆ 450ರ ಆಸುಪಾಸಿಗೆ ಬಂದವು.

ನೋಡ್ರಿ, ಬೀಜ ಇತ್ತು, ಹೆಸರಿತ್ತು, ಗಿರಾಕಿ ಇದ್ದರು. ಸಾಲದ ಭಾರ ಅದನ್ನೆಲ್ಲ ಮೀರಿತು.

ಹಾಗಾಗಿ ಅಂಗಡಿ ಬಾಡಿಗೆಗೆ ಮುಂಗಡ ಕೊಡೋ ಮೊದಲು ಮೂರು ಪ್ರಶ್ನೆ ಬರೆದಿಟ್ಕೊಳ್ಳಿ. ಬೇರೆಯವರ ಹತ್ರ ಇಲ್ಲದ್ದು ನನ್ನ ಹತ್ರ ಏನಿದೆ? ಚಾದಂಗಡಿ ಬಿಟ್ಟು ಗಿರಾಕಿ ನನ್ನ ಕಡೆ ಯಾಕೆ ಬರಬೇಕು? ವ್ಯಾಪಾರ ಇಲ್ಲದ ತಿಂಗಳೂ ಸಾಲದ ಕಂತು ಕಟ್ಟೋಕಾಗುತ್ತಾ? ಮೂರನೇದಕ್ಕೆ ಉತ್ತರ ಸಿಗದಿದ್ದರೆ, ಸ್ವಲ್ಪ ತಡೀರಿ.