ತೊನ್ನು ರೋಗದಲ್ಲಿ ರೋಗನಿರೋಧಕ ಕೋಶಗಳ ಅಸಮತೋಲನ

ತೊನ್ನು ಎಂಬುದು ಚರ್ಮದ ಬಣ್ಣ ಅಲ್ಲಲ್ಲಿ ಅಳಿದು ಬಿಳಿಯ ಮಚ್ಚೆಗಳು ಮೂಡುವ ಒಂದು ಸ್ವಯಂನಿರೋಧಕ ಕಾಯಿಲೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ವಿಟಿಲಿಗೊ ಎಂದು ಹೆಸರು. ಲೋಕದ ಜನಸಂಖ್ಯೆಯಲ್ಲಿ ಸುಮಾರು ಶೇ. 0.5ರಿಂದ 2ರಷ್ಟು ಮಂದಿಯಲ್ಲಿ ಇದು ಕಂಡುಬರುತ್ತದೆ. ‘ಬಿಳಿ ಕುಷ್ಠ’ ಎಂಬ ಹಳೆಯ ಹೆಸರು ಎಷ್ಟೋ ಮನೆಗಳಲ್ಲಿ ಮದುವೆಯ ಮಾತುಕತೆಯನ್ನೇ ಮುರಿದಿದೆ. ಆದರೆ ಆ ಹೆಸರೇ ತಪ್ಪು. ಕುಷ್ಠವು ಬ್ಯಾಕ್ಟೀರಿಯಾದಿಂದ ಬರುವ ರೋಗ. ಅದರ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ. ತೊನ್ನಿನ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಎಂದಿನಂತಿರುತ್ತದೆ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಕಾರಣ

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅನ್ನು ಮೆಲನೊಸೈಟ್ ಎಂಬ ವರ್ಣಕೋಶಗಳು ತಯಾರಿಸುತ್ತವೆ. ರಕ್ತದ ಬಿಳಿಕಣಗಳ ಒಂದು ಬಗೆಯಾದ ಸಿಡಿ8 ಟಿ ಕೋಶಗಳ ಕೆಲಸ, ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವುದು. ತೊನ್ನಿನಲ್ಲಿ ಇವು ಆರೋಗ್ಯವಾಗಿರುವ ವರ್ಣಕೋಶಗಳ ಮೇಲೆಯೇ ಎರಗುತ್ತವೆ. ಆಗ ಇವು ಹೊರಬಿಡುವ ಇಂಟರ್‌ಫೆರಾನ್ ಗಾಮಾದ ಪ್ರಭಾವದಿಂದ ಸುತ್ತಲಿನ ಚರ್ಮಕೋಶಗಳು ಸಂಕೇತ ಪ್ರೋಟೀನುಗಳನ್ನು ಸ್ರವಿಸುತ್ತವೆ. ಅವು ಇನ್ನಷ್ಟು ಟಿ ಕೋಶಗಳನ್ನು ಅಲ್ಲಿಗೆ ಸೆಳೆಯುತ್ತವೆ. ಹೀಗೆ ಮಚ್ಚೆ ಹರಡುತ್ತ ಹೋಗುತ್ತದೆ.

ಈ ದಾಳಿಯನ್ನು ತಡೆಯಬೇಕಾದವು ನಿಯಂತ್ರಕ ಟಿ ಕೋಶಗಳು. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿದರು. ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಪತ್ತೆಹಚ್ಚಿದ ಫಾಕ್ಸ್‌ಪಿ3 ವಂಶವಾಹಿಯು ಈ ಕೋಶಗಳ ಬೆಳವಣಿಗೆಗೆ ಅಗತ್ಯವೆಂದು ಮುಂದೆ ತಿಳಿಯಿತು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ತೊನ್ನಿರುವವರಲ್ಲಿ ಈ ಕೋಶಗಳ ಸಂಖ್ಯೆಯೋ ಸಾಮರ್ಥ್ಯವೋ ಕುಗ್ಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಎಲ್ಲ ಅಧ್ಯಯನಗಳ ಫಲಿತಾಂಶ ಒಂದೇ ರೀತಿ ಇಲ್ಲ. ದಾಳಿ ನಿಂತ ಮೇಲೂ ಕೆಲವು ಟಿ ಕೋಶಗಳು ಚರ್ಮದಲ್ಲಿಯೇ ಉಳಿಯುತ್ತವೆ. ವಾಸಿಯಾದ ಜಾಗದಲ್ಲಿಯೇ ಮಚ್ಚೆ ಮತ್ತೆ ಮೂಡಲು ಇದು ಕಾರಣ.

ಆರೈಕೆ ಮತ್ತು ಚಿಕಿತ್ಸೆ

ಮೆಲನಿನ್ ಇಲ್ಲದ ಚರ್ಮ ಬೇಗ ಸುಡುತ್ತದೆ. ಚಳ್ಳಕೆರೆ, ಮೊಳಕಾಲ್ಮೂರಿನಂತಹ ಬಯಲುಸೀಮೆಯಲ್ಲಿ ದಿನವಿಡೀ ಶೇಂಗಾ ಹೊಲದಲ್ಲಿ ದುಡಿಯುವವರು ಮಚ್ಚೆಗಳನ್ನು ಬಟ್ಟೆಯಿಂದ ಮುಚ್ಚಿಕೊಳ್ಳುವುದು ಅಗತ್ಯ. ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರುವ ಹಳೆಯ ಪದ್ಧತಿ ಆಧಾರವಿಲ್ಲದ್ದೇನಲ್ಲ. ಅದರಲ್ಲಿರುವ ಸೊರಾಲೆನ್ ಬೆಳಕಿನ ಚಿಕಿತ್ಸೆಯಲ್ಲಿಯೂ ಬಳಕೆಯಾಗಿದೆ. ಆದರೆ ಅಳತೆ ತಪ್ಪಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಈಗ ವೈದ್ಯರು ಹೆಚ್ಚಾಗಿ ನೇರಳಾತೀತ ಬಿ ಕಿರಣಗಳನ್ನು, ಟಿ ಕೋಶಗಳನ್ನು ಹತ್ತಿಕ್ಕುವ ಮುಲಾಮುಗಳನ್ನು ಬಳಸುತ್ತಾರೆ. ಇಂಟರ್‌ಫೆರಾನ್ ಸಂಕೇತವನ್ನು ತಡೆಯುವ ರುಕ್ಸೊಲಿಟಿನಿಬ್ ಮುಲಾಮಿಗೆ ಅಮೆರಿಕದಲ್ಲಿ 2022ರಲ್ಲಿ ಅನುಮತಿ ದೊರೆಯಿತು.

ಬಣ್ಣ ಮರಳುವುದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಹೊಸ ವರ್ಣಕೋಶಗಳು ಬಹುಪಾಲು ಕೂದಲ ಬುಡದಿಂದ ಬರುವುದರಿಂದ ಮೊದಲು ಚುಕ್ಕೆ ಚುಕ್ಕೆಯಾಗಿ ಬಣ್ಣ ಕಾಣಿಸುತ್ತದೆ. ಮುಖದ ಮಚ್ಚೆಗಳು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತವೆ; ಕೂದಲಿಲ್ಲದ ಬೆರಳ ತುದಿಗಳಲ್ಲಿ ಬಣ್ಣ ಮರಳುವುದು ಕಷ್ಟ.